ಕೆಂಪು ದಾಸವಾಳ ನೀಲಿಯಾದದ್ದು ಹೇಗೆ?

ಮಕ್ಕಳೇ, ದಾಸವಾಳದ ಹೂವನ್ನು ನೀವೆಲ್ಲರೂ ನೋಡಿದ್ದೀರಿ. ನಮ್ಮ ಹಿತ್ತಿಲುಗಳಲ್ಲಿ, ಶಾಲೆಯ ಬೇಲಿಯ ಪಕ್ಕದಲ್ಲಿ ಕೆಂಪು, ಬಿಳಿ, ಹಳದಿ, ಗುಲಾಬಿ, ಕೇಸರಿ ಬಣ್ಣದ ದಾಸವಾಳಗಳು ಅರಳುತ್ತವೆ. ಆದರೆ ಶಾಯಿಯಂತೆ ಕಡು ನೀಲಿ ಬಣ್ಣದ ದಾಸವಾಳವನ್ನು ನಿಮ್ಮಲ್ಲಿ ಯಾರಾದರೂ ಕಿತ್ತು ತಂದಿದ್ದೀರಾ?

ಒಂದು ಶಾಲೆಗೆ ಹೋಗಿದ್ದಾಗ ಆರನೇ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. ಅವಳ ತಾಯಿಯ ಮೊಬೈಲಿಗೆ ಯಾರೋ ಒಂದು ಚಿತ್ರ ಕಳುಹಿಸಿದ್ದರು. ಅದರಲ್ಲಿ ಹಸಿರು ಎಲೆಗಳ ನಡುವೆ ಕಡು ನೀಲಿ ದಾಸವಾಳ! "ಸರ್, ಈ ಗಿಡದ ಕಡ್ಡಿ ಎಲ್ಲಿ ಸಿಗುತ್ತದೆ? ಅಮ್ಮ ದುಡ್ಡು ಕಳಿಸಿ ತರಿಸಬೇಕು ಅಂತಿದ್ದಾರೆ" ಎಂದಳು.

ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ದಾಸವಾಳದ ನಡುವಿನಿಂದ ಉದ್ದವಾದ ಕಡ್ಡಿಯೊಂದು ಹೊರಚಾಚಿರುತ್ತದೆ. ಅದರ ತುದಿಯ ಬಳಿ ಪುಟ್ಟ ಪುಟ್ಟ ಗುಂಡುಗಳಲ್ಲಿ ಹಳದಿ ಪರಾಗ ಇರುತ್ತದೆ. ಈ ಚಿತ್ರದಲ್ಲಿ ಪರಾಗ ಹಳದಿಯಾಗಿರಲಿಲ್ಲ, ನೇರಳೆಯಾಗಿತ್ತು. ನನಗೆ ಅನುಮಾನ ಬಂತು. "ದುಡ್ಡು ಕಳಿಸುವುದು ಬೇಡ. ಮೊದಲು ಈ ಹೂವು ಎಲ್ಲಿ ಅರಳಿತು ಅಂತ ಕಂಡುಹಿಡಿಯೋಣ. ಗಿಡದಲ್ಲೋ, ಕಂಪ್ಯೂಟರಿನಲ್ಲೋ?" ಎಂದೆ.

ಅದನ್ನು ನಾವು ಹೇಗೆ ಕಂಡುಹಿಡಿದೆವು ಎಂಬುದನ್ನು ಈ ಪಾಠದ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಫೋಟೋದಲ್ಲಿರುವ ಒಂದು ವಸ್ತುವಿನ ಬಣ್ಣವನ್ನು ಕಂಪ್ಯೂಟರ್ ಹೇಗೆ ಬದಲಿಸುತ್ತದೆ ಎಂಬುದನ್ನು ತಿಳಿಯೋಣ ಬನ್ನಿ.

ಚಿತ್ರವೆಂದರೆ ಚುಕ್ಕಿಗಳ ಸಾಲು

ರಂಗೋಲಿ ಹಾಕುವಾಗ ಅಮ್ಮ ಮೊದಲು ಚುಕ್ಕಿ ಇಡುತ್ತಾರೆ. ಡಿಜಿಟಲ್ ಫೋಟೋ ಕೂಡ ಚುಕ್ಕಿಗಳಿಂದಲೇ ಆಗಿದೆ. ರಂಗೋಲಿಯಲ್ಲಿ ಚುಕ್ಕಿಗಳನ್ನು ಗೆರೆಯಿಂದ ಸೇರಿಸುತ್ತೇವೆ. ಇಲ್ಲಿ ಗೆರೆಯೇ ಇಲ್ಲ, ಬರೀ ಚುಕ್ಕಿಗಳು. ಅವು ಎಷ್ಟು ಚಿಕ್ಕವು ಮತ್ತು ಎಷ್ಟು ಒತ್ತೊತ್ತಾಗಿ ಇವೆಯೆಂದರೆ ನಮ್ಮ ಕಣ್ಣಿಗೆ ಅವು ಬೇರೆ ಬೇರೆಯಾಗಿ ಕಾಣುವುದಿಲ್ಲ. ಇಂತಹ ಒಂದು ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು.

ಒಂದು ಫೋಟೋದಲ್ಲಿ ಅಡ್ಡಸಾಲಿಗೆ 4000 ಪಿಕ್ಸೆಲ್‌ಗಳು, ಅಂತಹ 3000 ಸಾಲುಗಳು ಇವೆ ಎಂದುಕೊಳ್ಳಿ. ಒಟ್ಟು ಎಷ್ಟಾಯಿತು? 4000 × 3000 = 1,20,00,000. ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ. ಹತ್ತು ಲಕ್ಷ ಪಿಕ್ಸೆಲ್‌ಗಳಿಗೆ ಒಂದು ಮೆಗಾಪಿಕ್ಸೆಲ್ ಎನ್ನುತ್ತಾರೆ. ಹಾಗಾಗಿ ಇದು 12 ಮೆಗಾಪಿಕ್ಸೆಲ್ ಫೋಟೋ.

ಮೊದಲು ಹೀಗಿರಲಿಲ್ಲ. 1957ರಲ್ಲಿ ಅಮೆರಿಕದ ರಸೆಲ್ ಕರ್ಷ್ ಎಂಬ ವಿಜ್ಞಾನಿ ತಮ್ಮ ಎಳೆಯ ಮಗುವಿನ ಫೋಟೋವನ್ನು ಕಂಪ್ಯೂಟರಿಗೆ ಊಡಿಸಿದರು. ಫೋಟೋವನ್ನು ಹೀಗೆ ಕಂಪ್ಯೂಟರಿಗೆ ಊಡಿಸಿದ್ದು ಅದೇ ಮೊದಲು. ಅದರಲ್ಲಿ ಇದ್ದದ್ದು ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕಿಗಳು ಮಾತ್ರ. ಗುಣಿಸಿ ನೋಡಿ: 30,976. ಅದೂ ಕಪ್ಪು ಬಿಳುಪು ಚಿತ್ರ.

ಮಾಡಿ ನೋಡಿ – 1

ಮನೆಯವರ ಅನುಮತಿ ಪಡೆದು ಮೊಬೈಲಿನಲ್ಲಿ ಒಂದು ಬಿಳಿ ಪುಟ ತೆರೆಯಿರಿ. ಬೆರಳ ತುದಿಯಿಂದ ಸಾಸಿವೆ ಕಾಳಿನಷ್ಟು ಚಿಕ್ಕ ನೀರ ಹನಿಯನ್ನು ಪರದೆಯ ಮೇಲೆ ಇಡಿ. ಹನಿ ಭೂತಗನ್ನಡಿಯಂತೆ ಕೆಲಸ ಮಾಡುತ್ತದೆ. ಹನಿಯೊಳಗೆ ಇಣುಕಿ ನೋಡಿ. ಬಿಳಿ ಪುಟದಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳು ಮಿನುಗುವುದು ಕಾಣುತ್ತದೆ. ನೋಡಿದ ಮೇಲೆ ಒಣ ಬಟ್ಟೆಯಿಂದ ಒರೆಸಲು ಮರೆಯಬೇಡಿ.

ಬಿಳಿ ಪುಟದಲ್ಲಿ ಆ ಮೂರು ಬಣ್ಣಗಳು ಎಲ್ಲಿಂದ ಬಂದವು?

ಮೂರೇ ಬಣ್ಣ, ಸಾವಿರಾರು ಛಾಯೆ

ನಮ್ಮ ಕಣ್ಣಿನ ಒಳಪದರದಲ್ಲಿ ಬಣ್ಣವನ್ನು ಗುರುತಿಸುವ ಶಂಕು ಕೋಶಗಳಿವೆ. ಇವುಗಳಲ್ಲಿ ಮೂರು ಬಗೆ. ಬೆಳಕು ಬಿದ್ದಾಗ ಯಾವ ಬಗೆಯ ಕೋಶ ಎಷ್ಟು ಪ್ರಚೋದನೆಗೊಂಡಿತು ಎಂಬುದನ್ನು ಲೆಕ್ಕ ಹಾಕಿ ಮಿದುಳು "ಇದು ಹಳದಿ", "ಇದು ಕೇಸರಿ" ಎಂದು ನಿರ್ಧರಿಸುತ್ತದೆ. ಹೀಗಿರುವುದರಿಂದ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ ಸಾಕು, ನಮಗೆ ನೂರಾರು ಬಣ್ಣಗಳು ಕಾಣುತ್ತವೆ.

ಇದನ್ನು ಫೋಟೋದಲ್ಲಿ ಮೊದಲು ತೋರಿಸಿಕೊಟ್ಟವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ಭೌತವಿಜ್ಞಾನಿ. 1861ರಲ್ಲಿ ಲಂಡನ್ನಿನಲ್ಲಿ ಅವರು ಬಣ್ಣದ ಪಟ್ಟಿಗಳಿದ್ದ ಒಂದು ರಿಬ್ಬನ್ನಿನ ಚಿತ್ರ ತೋರಿಸಿದರು. ಅದೇ ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಪ್ರತ್ಯೇಕವಾಗಿ ಫೋಟೋ ತೆಗೆಸಿ, ಆಮೇಲೆ ಆ ಮೂರೂ ಚಿತ್ರಗಳನ್ನು ಅದೇ ಬಣ್ಣದ ಬೆಳಕಿನಿಂದ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿದರು. ರಿಬ್ಬನ್ ಬಣ್ಣಬಣ್ಣವಾಗಿ ಕಂಡಿತು. ಇಂದಿನ ಮೊಬೈಲ್ ಕ್ಯಾಮೆರಾ ಮಾಡುವುದೂ ಮೂಲತಃ ಇದನ್ನೇ. ಕ್ಯಾಮೆರಾದೊಳಗಿನ ಸಂವೇದಕದ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳ ಬಲು ಚಿಕ್ಕ ಚೌಕಗಳಿರುತ್ತವೆ. ಸಾಮಾನ್ಯವಾಗಿ ನಾಲ್ಕು ಚೌಕಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರಿಗೇಕೆ ಎರಡು? ನಮ್ಮ ಕಣ್ಣು ಹಸಿರು ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸುತ್ತದೆ, ಅದಕ್ಕೆ.

ಇಲ್ಲಿ ಒಂದು ಎಚ್ಚರಿಕೆ. ಬಣ್ಣದ ಡಬ್ಬಿಯ ಬಣ್ಣ ಬೇರೆ, ಬೆಳಕಿನ ಬಣ್ಣ ಬೇರೆ. ಚಿತ್ರಕಲೆಯ ತರಗತಿಯಲ್ಲಿ ಕೆಂಪು ಮತ್ತು ಹಸಿರು ಬಣ್ಣ ಬೆರೆಸಿದರೆ ಮಣ್ಣಿನಂತಹ ಕಂದು ಬರುತ್ತದೆ. ಕೆಂಪು ಮತ್ತು ಹಸಿರು ಬೆಳಕನ್ನು ಬೆರೆಸಿದರೆ ಹಳದಿ ಬರುತ್ತದೆ! ನಂಬಿಕೆ ಬರದಿದ್ದರೆ ಎರಡು ಟಾರ್ಚ್‌ಗಳ ಮುಖಕ್ಕೆ ಕೆಂಪು ಮತ್ತು ಹಸಿರು ಜಿಲೆಟಿನ್ ಹಾಳೆ ಸುತ್ತಿ, ಕತ್ತಲೆ ಕೋಣೆಯಲ್ಲಿ ಬಿಳಿ ಗೋಡೆಯ ಮೇಲೆ ಎರಡೂ ಬೆಳಕು ಒಂದೇ ಕಡೆ ಬೀಳುವಂತೆ ಹಿಡಿದು ನೋಡಿ. ಮೂರು ಬೆಳಕೂ ಸಮವಾಗಿ ಸೇರಿದರೆ ಬಿಳಿ. ನೀರ ಹನಿಯೊಳಗೆ ನೀವು ಕಂಡ ಮೂರು ಬಣ್ಣದ ಗುಟ್ಟು ಇದೇ.

ಬಣ್ಣಕ್ಕೂ ಅಂಕಗಳಿವೆ

ಕಂಪ್ಯೂಟರಿಗೆ ಕೆಂಪು, ಹಸಿರು ಎಂದರೆ ಅರ್ಥವಾಗದು. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಆದ್ದರಿಂದ ಪ್ರತಿಯೊಂದು ಪಿಕ್ಸೆಲ್‌ಗೂ ಅದು ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುತ್ತದೆ. ಮೊದಲನೆಯದು ಕೆಂಪಿನ ಪ್ರಮಾಣ, ಎರಡನೆಯದು ಹಸಿರಿನ ಪ್ರಮಾಣ, ಮೂರನೆಯದು ನೀಲಿಯ ಪ್ರಮಾಣ. ಒಂದೊಂದಕ್ಕೂ 0ಯಿಂದ 255ರವರೆಗೆ ಅಂಕ. 0 ಎಂದರೆ ಆ ಬೆಳಕು ಇಲ್ಲವೇ ಇಲ್ಲ. 255 ಎಂದರೆ ಪೂರ್ತಿ ಇದೆ.

ಕೆಲವು ಉದಾಹರಣೆಗಳನ್ನು ನೋಡಿ:

(255, 0, 0) – ಅಚ್ಚ ಕೆಂಪು
(0, 255, 0) – ಅಚ್ಚ ಹಸಿರು
(0, 0, 255) – ಅಚ್ಚ ನೀಲಿ
(255, 255, 0) – ಹಳದಿ
(255, 255, 255) – ಬಿಳಿ
(0, 0, 0) – ಕಪ್ಪು
(128, 128, 128) – ಬೂದು

ಒಂದೊಂದು ಸ್ಥಾನಕ್ಕೆ 256 ಆಯ್ಕೆಗಳಿರುವುದರಿಂದ ಒಟ್ಟು 256 × 256 × 256 = 1,67,77,216 ಬಣ್ಣಗಳನ್ನು ಬರೆಯಬಹುದು. ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು!

ಈಗ ಅಸಲು ವಿಷಯಕ್ಕೆ ಬರೋಣ. ಚಿತ್ರ ಸಂಖ್ಯೆಯಾಗಿದೆ. ಸಂಖ್ಯೆಯನ್ನು ಬದಲಿಸಿದರೆ ಬಣ್ಣವೂ ಬದಲಾಗಬೇಕಲ್ಲವೇ?

ಮೂರು ಕುರ್ಚಿಗಳ ಆಟ

ಕೆಂಪು ದಾಸವಾಳದ ಒಂದು ದಳದಲ್ಲಿ ಮೂರು ಪಿಕ್ಸೆಲ್‌ಗಳನ್ನು ಆರಿಸೋಣ. ಬಿಸಿಲು ಬಿದ್ದ ಜಾಗದ ಸಂಖ್ಯೆ (240, 120, 120), ನಡುವಿನ ಜಾಗದ್ದು (200, 20, 20), ನೆರಳಿನ ಜಾಗದ್ದು (100, 10, 10) ಎಂದಿರಲಿ. ಮೂರೂ ಕೆಂಪೇ, ಆದರೆ ಒಂದು ತಿಳಿ, ಒಂದು ಗಾಢ, ಒಂದು ಮಬ್ಬು.

ಇದನ್ನು ನೀಲಿ ಮಾಡಬೇಕು. ಕುಂಚದಿಂದ ಇಡೀ ದಳಕ್ಕೆ (0, 0, 255) ಬಳಿದುಬಿಟ್ಟರೆ? ಬಿಸಿಲು, ನೆರಳು, ದಳದ ಗೆರೆ ಎಲ್ಲವೂ ಮುಚ್ಚಿಹೋಗಿ ಕಾಗದದ ತುಂಡು ಅಂಟಿಸಿದಂತೆ ಕಾಣುತ್ತದೆ. ಆದ್ದರಿಂದ ಬೇರೆ ಉಪಾಯ ಬೇಕು.

ಕೆಂಪು, ಹಸಿರು, ನೀಲಿ ಎಂಬ ಮೂರು ಕುರ್ಚಿಗಳಿವೆ ಎಂದುಕೊಳ್ಳಿ. ಒಂದೊಂದು ಕುರ್ಚಿಯಲ್ಲಿ ಒಂದೊಂದು ಸಂಖ್ಯೆ ಕುಳಿತಿದೆ. ಈಗ "ಬದಲಿಸಿ!" ಎನ್ನೋಣ. ಕೆಂಪು ಕುರ್ಚಿಯ ಸಂಖ್ಯೆ ನೀಲಿ ಕುರ್ಚಿಗೆ ಹೋಗಬೇಕು. ನೀಲಿ ಕುರ್ಚಿಯದು ಹಸಿರಿಗೆ. ಹಸಿರು ಕುರ್ಚಿಯದು ಕೆಂಪಿಗೆ. ಏನಾಗುತ್ತದೆ?

(240, 120, 120) ಇದ್ದದ್ದು (120, 120, 240) ಆಯಿತು – ತಿಳಿ ನೀಲಿ.
(200, 20, 20) ಇದ್ದದ್ದು (20, 20, 200) ಆಯಿತು – ಗಾಢ ನೀಲಿ.
(100, 10, 10) ಇದ್ದದ್ದು (10, 10, 100) ಆಯಿತು – ಮಬ್ಬು ನೀಲಿ.

ನೋಡಿದಿರಾ? ಬಿಸಿಲು ಬಿಸಿಲಾಗಿಯೇ ಉಳಿಯಿತು, ನೆರಳು ನೆರಳಾಗಿಯೇ ಉಳಿಯಿತು. ಕೆಂಪು ಮಾತ್ರ ನೀಲಿಯಾಯಿತು. ಬಣ್ಣ ಬದಲಿಸಿದ ಫೋಟೋ ನಿಜದಂತೆ ಕಾಣುವುದು ಇದರಿಂದಲೇ.

ಕಂಪ್ಯೂಟರ್ ತಂತ್ರಾಂಶಗಳಲ್ಲಿ ಇದಕ್ಕೆ ವರ್ಣಚಕ್ರವನ್ನು ಬಳಸುತ್ತಾರೆ. ಗಾಡಿಯ ಚಕ್ರದ ಅಂಚಿಗೆ ಕಾಮನಬಿಲ್ಲಿನ ಬಣ್ಣಗಳನ್ನು ಸುತ್ತಲೂ ಬಳಿದಂತೆ ಊಹಿಸಿಕೊಳ್ಳಿ. 0 ಡಿಗ್ರಿಯಲ್ಲಿ ಕೆಂಪು, 60ರಲ್ಲಿ ಹಳದಿ, 120ರಲ್ಲಿ ಹಸಿರು, 180ರಲ್ಲಿ ಹಸಿರುನೀಲಿ, 240ರಲ್ಲಿ ನೀಲಿ, 300ರಲ್ಲಿ ಕಡುಗುಲಾಬಿ, 360ಕ್ಕೆ ಮತ್ತೆ ಕೆಂಪು. ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಧನ, ಹಿಂದಕ್ಕೆ ತಿರುಗಿಸಿದರೆ ಋಣ. ಕೆಂಪಿನಿಂದ ಹಿಂದಕ್ಕೆ 120 ಡಿಗ್ರಿ ಹೋದರೆ ಎಲ್ಲಿಗೆ ಬರುತ್ತೇವೆ? 360 – 120 = 240, ಅಂದರೆ ನೀಲಿಗೆ. ನಾವು ಆಡಿದ ಕುರ್ಚಿ ಆಟ ಇದೇ ಋಣ 120 ಡಿಗ್ರಿಯ ತಿರುಗಾಟ. ಮುಂದಕ್ಕೆ 60 ಡಿಗ್ರಿ ತಿರುಗಿಸಿದ್ದರೆ (200, 20, 20) ಎಂಬುದು (200, 200, 20) ಆಗಿ ಹಳದಿ ದಾಸವಾಳ ಸಿಗುತ್ತಿತ್ತು.

ಗಿಂಪ್‌ನಲ್ಲಿ ಮಾಡೋಣ

ಚಿತ್ರಗಳನ್ನು ತಿದ್ದಲು ಹಲವು ತಂತ್ರಾಂಶಗಳಿವೆ. 1990ರಲ್ಲಿ ಬಂದ ಫೋಟೋಶಾಪ್ ಪ್ರಸಿದ್ಧ, ಆದರೆ ಅದಕ್ಕೆ ಹಣ ಕೊಡಬೇಕು. ಗಿಂಪ್ ಎಂಬ ತಂತ್ರಾಂಶ ಉಚಿತ. ಅಮೆರಿಕದ ಬರ್ಕ್‌ಲಿಯ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಬರೆದ ಈ ತಂತ್ರಾಂಶ 1996ರಲ್ಲಿ ಹೊರಬಂತು. ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ಬಲ್ಲವರು ತಿದ್ದಲೂಬಹುದು. ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಶಿಕ್ಷಕರ ಜೊತೆ ಕುಳಿತು ಹೀಗೆ ಮಾಡಿ:

1. 'ಫೈಲ್' ಪಟ್ಟಿಯಲ್ಲಿ 'ಓಪನ್' ಒತ್ತಿ ಕೆಂಪು ದಾಸವಾಳದ ಫೋಟೋ ತೆರೆಯಿರಿ.

2. 'ಲೇಯರ್' ಪಟ್ಟಿಯಲ್ಲಿ 'ಡೂಪ್ಲಿಕೇಟ್ ಲೇಯರ್' ಒತ್ತಿ. ಮೂಲ ಚಿತ್ರದ ಮೇಲೆ ಅದರದೇ ಇನ್ನೊಂದು ಪದರ ಬರುತ್ತದೆ. ನಮ್ಮ ಕೆಲಸವೆಲ್ಲ ಮೇಲಿನ ಪದರದಲ್ಲಿ. ಕೆಳಗಿನ ಮೂಲ ಹಾಗೆಯೇ ಇರಲಿ.

3. ಉಪಕರಣಗಳ ಪೆಟ್ಟಿಗೆಯಲ್ಲಿ 'ಫ್ರೀ ಸೆಲೆಕ್ಟ್' ಎಂಬುದಿದೆ. ಅದರ ಗುರುತು ಹಗ್ಗದ ಕುಣಿಕೆಯಂತೆ ಇರುತ್ತದೆ. ಅದನ್ನು ಆರಿಸಿ, ಹೂವಿನ ದಳಗಳ ಅಂಚಿನಲ್ಲೇ ನಿಧಾನವಾಗಿ ಸುತ್ತುಬನ್ನಿ. ಹೊರಟ ಜಾಗಕ್ಕೆ ಮರಳಿ ಬಂದು ಎಂಟರ್ ಕೀಲಿ ಒತ್ತಿದಾಗ ಇರುವೆ ಸಾಲಿನಂತೆ ಹರಿದಾಡುವ ಗೆರೆ ಹೂವಿನ ಸುತ್ತ ಕಾಣುತ್ತದೆ. ಇನ್ನು ನಾವು ಮಾಡುವ ಬದಲಾವಣೆ ಈ ಗೆರೆಯ ಒಳಗೆ ಮಾತ್ರ.

4. 'ಸೆಲೆಕ್ಟ್' ಪಟ್ಟಿಯಲ್ಲಿ 'ಫೆದರ್' ಒತ್ತಿ 2 ಅಥವಾ 3 ಪಿಕ್ಸೆಲ್ ಎಂದು ಕೊಡಿ. ಅಂಚು ಕತ್ತರಿಯಿಂದ ಕತ್ತರಿಸಿದಂತೆ ಕಾಣದೆ ಮೃದುವಾಗುತ್ತದೆ.

5. 'ಕಲರ್ಸ್' ಪಟ್ಟಿಯಲ್ಲಿ 'ಹ್ಯೂ-ಸ್ಯಾಚುರೇಷನ್' ತೆರೆಯಿರಿ. 'ಹ್ಯೂ' ಎಂದರೆ ವರ್ಣಚಕ್ರದಲ್ಲಿನ ಸ್ಥಾನ. ಅದನ್ನು –120ಕ್ಕೆ ಎಳೆಯಿರಿ. ಹೂವು ನೀಲಿಯಾಯಿತು! 'ಸ್ಯಾಚುರೇಷನ್' ಎಂದರೆ ಬಣ್ಣದ ಗಾಢತೆ, 'ಲೈಟ್‌ನೆಸ್' ಎಂದರೆ ತಿಳಿಯೋ ಕಪ್ಪೋ ಎಂಬುದು. ಇವನ್ನೂ ಸ್ವಲ್ಪ ಸ್ವಲ್ಪ ಬದಲಿಸಿ ನೋಡಿ.

6. ತಪ್ಪಾದರೆ ಹೆದರಬೇಡಿ. ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ.

7. ಕೊನೆಗೆ 'ಫೈಲ್' ಪಟ್ಟಿಯ 'ಎಕ್ಸ್‌ಪೋರ್ಟ್ ಆ್ಯಸ್' ಒತ್ತಿ ಹೊಸ ಹೆಸರಿನಲ್ಲಿ ಉಳಿಸಿ. 'ದಾಸವಾಳ-ಬಣ್ಣ-ಬದಲಿಸಿದ್ದು' ಎಂಬ ಹೆಸರು ಇದ್ದರೆ ಚೆನ್ನ.

ಮೂರನೇ ಹೆಜ್ಜೆಯನ್ನು ಬಿಟ್ಟರೆ ಏನಾಗುತ್ತದೆ? ಒಮ್ಮೆ ಬೇಕೆಂದೇ ಬಿಟ್ಟು ನೋಡಿ. ಎಲೆಯ ಸಂಖ್ಯೆ (40, 120, 30) ಎಂದಿಟ್ಟುಕೊಳ್ಳಿ. ಕುರ್ಚಿ ಬದಲಿಸಿದಾಗ ಅದು (120, 30, 40) ಆಗುತ್ತದೆ. ಹೂವು ನೀಲಿ, ಎಲೆ ಕೆಂಪು! ಕಂಪ್ಯೂಟರಿಗೆ ಇದು ಹೂವು, ಇದು ಎಲೆ ಎಂದು ಕುರ್ಚಿ ಆಟದಲ್ಲಿ ತಿಳಿಯುವುದಿಲ್ಲ. ಗೆರೆ ಹಾಕಿ ತೋರಿಸಬೇಕಾದವರು ನಾವು. ಇತ್ತೀಚಿನ ಕೆಲವು ಮೊಬೈಲ್ ತಂತ್ರಾಂಶಗಳು ವಸ್ತುವಿನ ಅಂಚನ್ನು ತಾವೇ ಗುರುತಿಸಿ ಗೆರೆ ಹಾಕಿಕೊಳ್ಳುತ್ತವೆ. ಆದರೂ ಕೂದಲು, ಹುಲ್ಲು, ಗಾಜಿನಂತಹ ಕಡೆ ಅವೂ ತಪ್ಪುವುದುಂಟು.

ಬಿಳಿ ದಾಸವಾಳ ಹಠ ಮಾಡುವುದೇಕೆ?

ಈಗ ಬಿಳಿ ದಾಸವಾಳದ ಫೋಟೋ ತೆರೆದು ಇದನ್ನೇ ಮಾಡಿ. 'ಹ್ಯೂ'ವನ್ನು ಎಷ್ಟು ಎಳೆದರೂ ಹೂವು ಬಿಳಿಯಾಗಿಯೇ ಇರುತ್ತದೆ. ಏಕೆ? ಬಿಳಿಯ ಸಂಖ್ಯೆ (250, 250, 250). ಮೂರು ಕುರ್ಚಿಯಲ್ಲೂ ಒಂದೇ ಸಂಖ್ಯೆ. ಅವು ಎಷ್ಟು ಸಲ ಜಾಗ ಬದಲಿಸಿದರೂ (250, 250, 250) ಆಗಿಯೇ ಉಳಿಯುತ್ತದೆ. ಕಪ್ಪು ಎಮ್ಮೆಗೂ, ಬೂದು ಬಂಡೆಗೂ ಇದೇ ಮಾತು. ಇವುಗಳಿಗೆ ಬಣ್ಣ ಕೊಡಲು 'ಕಲರೈಸ್' ಎಂಬ ಬೇರೆ ಸೌಲಭ್ಯವಿದೆ. ಅದು ಇರುವ ಬಣ್ಣವನ್ನು ತಿರುಗಿಸುವುದಿಲ್ಲ, ಬೆಳಕು ನೆರಳನ್ನು ಉಳಿಸಿಕೊಂಡು ಹೊಸ ಬಣ್ಣವನ್ನು ಲೇಪಿಸುತ್ತದೆ.

ಕಂಪ್ಯೂಟರ್ ಇಲ್ಲದ ಶಾಲೆಯಲ್ಲಿ

ಕಂಪ್ಯೂಟರ್ ಇಲ್ಲವೆಂದು ಬೇಸರ ಬೇಡ. ಮೂವರು ಮಕ್ಕಳು ಕೆಂಪು, ಹಸಿರು, ನೀಲಿ ಬಣ್ಣದ ಚೀಟಿಗಳನ್ನು ಎದೆಗೆ ಸಿಕ್ಕಿಸಿಕೊಂಡು ವೃತ್ತದಲ್ಲಿ ನಿಲ್ಲಲಿ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಸಂಖ್ಯೆ ಬರೆದ ಕಾಗದ ಇರಲಿ. ಶಿಕ್ಷಕರು "ಬದಲಿಸಿ" ಎಂದಾಗ ಮೇಲೆ ಹೇಳಿದ ಕ್ರಮದಲ್ಲಿ ಕಾಗದವನ್ನು ಮಾತ್ರ ದಾಟಿಸಿ. ಕುಳಿತ ಮಕ್ಕಳು ಹೊಸ ಬಣ್ಣ ಯಾವುದೆಂದು ಹೇಳಬೇಕು. ಎಷ್ಟು ಸಲ ದಾಟಿಸಿದರೆ ಮೊದಲಿನ ಬಣ್ಣ ಮರಳಿ ಬರುತ್ತದೆ? ಮೂರು ಸಲ. 120 × 3 = 360. ಚಕ್ರ ಒಂದು ಸುತ್ತು ಬಂತು!

ಉಪಗ್ರಹವೂ ಬಣ್ಣ ಬದಲಿಸುತ್ತದೆ

ಬಣ್ಣ ಬದಲಿಸುವುದು ಆಟಕ್ಕೆ ಮಾತ್ರವಲ್ಲ, ವಿಜ್ಞಾನಿಗಳಿಗೂ ಬೇಕು. ನಮ್ಮ ದೇಶದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರಲ್ಲಿ ಕಕ್ಷೆ ಸೇರಿತು. ಅದರ ನಂತರ ಅಂತಹ ಹಲವು ಉಪಗ್ರಹಗಳು ಹೋಗಿವೆ. ಅವು ತೆಗೆದ ಚಿತ್ರಗಳನ್ನು ನೋಡಿದರೆ ಕಾಡು, ಗದ್ದೆಗಳೆಲ್ಲ ಕೆಂಪಾಗಿ ಕಾಣುವುದುಂಟು! ಏನಿದು?

ಹಸಿರು ಎಲೆಗಳು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಹಳವಾಗಿ ಪ್ರತಿಫಲಿಸುತ್ತವೆ. ಉಪಗ್ರಹದ ಸಂವೇದಕ ಅದನ್ನು ಅಳೆಯಬಲ್ಲದು. ಆದರೆ ಕಾಣದ ಕಿರಣವನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ಇಲ್ಲಿಯೂ ಕುರ್ಚಿ ಆಟವೇ. ಅವಕೆಂಪಿನ ಸಂಖ್ಯೆಯನ್ನು ಕೆಂಪು ಕುರ್ಚಿಯಲ್ಲಿ, ಕೆಂಪಿನದನ್ನು ಹಸಿರು ಕುರ್ಚಿಯಲ್ಲಿ, ಹಸಿರಿನದನ್ನು ನೀಲಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಆಗ ಸೊಂಪಾದ ಬೆಳೆ ಎದ್ದು ಕಾಣುವ ಕೆಂಪಾಗುತ್ತದೆ, ಸೊರಗಿದ ಬೆಳೆ ಮಂಕಾಗುತ್ತದೆ, ತಿಳಿ ನೀರಿನ ಕೆರೆ ಕಪ್ಪಾಗಿ ಕಾಣುತ್ತದೆ. ಇಂತಹ ಚಿತ್ರಕ್ಕೆ ಕೃತಕ ವರ್ಣಚಿತ್ರ ಎನ್ನುತ್ತಾರೆ. ಚಿತ್ರದ ಕೆಳಗೆ ಹಾಗೆಂದು ಬರೆದೂ ಇರುತ್ತಾರೆ. ಈ ಕೊನೆಯ ಮಾತನ್ನು ನೆನಪಿಡಿ. ಏಕೆಂದು ಈಗ ಹೇಳುತ್ತೇನೆ.

ಅರಿಶಿನದ ಕಾಗದ ಕಲಿಸಿದ ಪಾಠ

ಕೆಲವು ವರ್ಷಗಳ ಹಿಂದೆ ನಾನೊಂದು ವಿಜ್ಞಾನ ವಸ್ತು ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಏಳನೇ ತರಗತಿಯ ಒಬ್ಬ ಹುಡುಗ ಅರಿಶಿನ ಕಾಗದದ ಪ್ರಯೋಗವನ್ನು ಫೋಟೋಗಳ ಸಮೇತ ಚಾರ್ಟಿನಲ್ಲಿ ಅಂಟಿಸಿದ್ದ. ನಿಂಬೆರಸಕ್ಕೆ ಅದ್ದಿದ ಕಾಗದ ಹಳದಿಯಾಗಿಯೇ ಇತ್ತು. ಸುಣ್ಣದ ತಿಳಿನೀರಿಗೆ ಅದ್ದಿದ್ದು ಕೆಂಪಾಗಿತ್ತು. ವಾಷಿಂಗ್ ಸೋಡಾ ನೀರಿನಲ್ಲಿ ಕೆಂಪು. ಅಡುಗೆ ಸೋಡಾ ನೀರಿನಲ್ಲೂ ಅಷ್ಟೇ ಕಡು ಕೆಂಪು. ಅಚ್ಚುಕಟ್ಟಾದ ಕೆಲಸ. ನಾನು ಒಳ್ಳೆಯ ಅಂಕ ಬರೆದುಕೊಂಡೆ.

ಇನ್ನೊಮ್ಮೆ ನೋಡಿದಾಗ ಕೊನೆಯ ಫೋಟೋದಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಕಾಗದ ಹಿಡಿದಿದ್ದ ಬೆರಳ ತುದಿಯೂ ಕೆಂಪಾಗಿತ್ತು. ಉಳಿದ ಫೋಟೋಗಳಲ್ಲಿ ಅದೇ ಬೆರಳಿನಲ್ಲಿ ಅರಿಶಿನದ ಹಳದಿ ಕಲೆ ಇತ್ತು. "ಇದೊಂದನ್ನು ಈಗ ಮಾಡಿ ತೋರಿಸಪ್ಪಾ" ಎಂದೆ. ಅವನು ಅಡುಗೆ ಸೋಡಾ ನೀರಿಗೆ ಕಾಗದ ಅದ್ದಿದ. ಕಾಗದ ಕಡು ಕೆಂಪಾಗಲಿಲ್ಲ. ಸ್ವಲ್ಪ ಕಿತ್ತಳೆ, ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿತು, ಅಷ್ಟೆ. ಹುಡುಗ ತಲೆ ತಗ್ಗಿಸಿದ. "ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತೆ ಅಂತ ಪುಸ್ತಕದಲ್ಲಿತ್ತು ಸರ್. ನಮ್ಮದು ಸರಿಯಾಗಿ ಬರಲಿಲ್ಲ. ಅದಕ್ಕೆ ಕಂಪ್ಯೂಟರಲ್ಲಿ ಕೆಂಪು ಮಾಡಿದೆ" ಎಂದ.

ಮಕ್ಕಳೇ, ಅವನಿಗೆ ಸಿಕ್ಕ ಫಲಿತಾಂಶ ಸರಿಯಾಗಿಯೇ ಇತ್ತು! ಅಡುಗೆ ಸೋಡಾ ದುರ್ಬಲ ಪ್ರತ್ಯಾಮ್ಲ, ವಾಷಿಂಗ್ ಸೋಡಾ ಮತ್ತು ಸುಣ್ಣದ ನೀರು ಅದಕ್ಕಿಂತ ಪ್ರಬಲ. ಅರಿಶಿನದ ಬಣ್ಣ ಬದಲಾಗುವುದು ಒಂದು ಮಿತಿಯನ್ನು ದಾಟಿದ ಮೇಲೆ. ಅಡುಗೆ ಸೋಡಾದ ನೀರು ಆ ಮಿತಿಯ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಬಣ್ಣ ಅರ್ಧಂಬರ್ಧ. "ಎಲ್ಲ ಪ್ರತ್ಯಾಮ್ಲಗಳೂ ಒಂದೇ ಅಲ್ಲ, ಪ್ರಬಲವೂ ಇವೆ, ದುರ್ಬಲವೂ ಇವೆ" ಎಂಬ ಸಂಗತಿಯನ್ನು ಆ ಹುಡುಗ ತನ್ನ ಕಣ್ಣಿನಿಂದಲೇ ಕಂಡಿದ್ದ. ಕಂಡದ್ದನ್ನು ನಂಬದೆ ಅಳಿಸಿಬಿಟ್ಟಿದ್ದ.

ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಬಣ್ಣ ಬದಲಿಸುವ ವಿದ್ಯೆಯನ್ನು ಹಿಂದಿನ ವರ್ಷ ಒಂದು ಶಿಬಿರದಲ್ಲಿ ಅವನಿಗೆ ಕಲಿಸಿದವನು ನಾನೇ. ಎಲ್ಲಿ ಬದಲಿಸಬಾರದು ಎಂಬುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಅಂದು ಅವನ ಪಕ್ಕ ಕುಳಿತು ಚಾರ್ಟಿನಿಂದ ಆ ಫೋಟೋ ತೆಗೆಸಿ, ಕಿತ್ತಳೆ ಬಣ್ಣದ ಕಾಗದವನ್ನೇ ಅಲ್ಲಿ ಅಂಟಿಸಿದೆವು. ಕೆಳಗೆ ಅವನು ತನ್ನ ಕೈಯಾರೆ ಬರೆದ: "ಅಡುಗೆ ಸೋಡಾದಲ್ಲಿ ಬಣ್ಣ ಕಡಿಮೆ ಬದಲಾಯಿತು. ಏಕೆ?" ಆ ದಿನ ನಾನು ನೋಡಿದ ಚಾರ್ಟುಗಳಲ್ಲಿ ಅತ್ಯುತ್ತಮ ವಾಕ್ಯ ಅದೇ ಆಗಿತ್ತು.

ಇದು ಶಾಲೆಯ ಪ್ರಯೋಗಕ್ಕಷ್ಟೇ ಸೀಮಿತವಲ್ಲ. ಈಗ ರೈತರು ರೋಗ ಬಂದ ಎಲೆಯ ಫೋಟೋವನ್ನು ಮೊಬೈಲಿನಲ್ಲಿ ಕೃಷಿ ತಜ್ಞರಿಗೆ ಕಳುಹಿಸಿ ಸಲಹೆ ಕೇಳುತ್ತಾರೆ. ಗಿಡದಲ್ಲಿ ಸಾರಜನಕದ ಕೊರತೆಯಾದರೆ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಾದರೆ ತುದಿಯ ಹೊಸ ಎಲೆಗಳು ಮೊದಲು ಹಳದಿಯಾಗುತ್ತವೆ. ಚಿತ್ರ ಚೆಂದ ಕಾಣಲೆಂದು ಮೊಬೈಲಿನಲ್ಲಿ ಹಸಿರನ್ನು ಹೆಚ್ಚಿಸಿಬಿಟ್ಟರೆ ರೋಗದ ಗುರುತೇ ಮಾಯ. ಸಲಹೆ ತಪ್ಪುತ್ತದೆ, ಬೆಳೆ ಹೋಗುತ್ತದೆ.

ಆದ್ದರಿಂದ ಈ ಮೂರು ನಿಯಮಗಳನ್ನು ಪಾಲಿಸಿ:

ಒಂದು, ಮೂಲ ಫೋಟೋವನ್ನು ಎಂದೂ ಅಳಿಸಬೇಡಿ. ನಕಲಿನ ಮೇಲೆ ಮಾತ್ರ ಕೆಲಸ ಮಾಡಿ.

ಎರಡು, ಬಣ್ಣ ಬದಲಿಸಿದ್ದರೆ ಚಿತ್ರದ ಕೆಳಗೆ ಹಾಗೆಂದು ಬರೆಯಿರಿ. ಉಪಗ್ರಹದ ಚಿತ್ರದ ಕೆಳಗೆ ವಿಜ್ಞಾನಿಗಳು ಬರೆಯುವುದಿಲ್ಲವೇ, ಹಾಗೆ.

ಮೂರು, ಎಲ್ಲಿ ಬಣ್ಣವೇ ಸಾಕ್ಷಿಯೋ ಅಲ್ಲಿ ಬಣ್ಣ ಮುಟ್ಟಬೇಡಿ. ಪ್ರಯೋಗದ ಫಲಿತಾಂಶ, ರೋಗದ ಎಲೆ, ಮೈಮೇಲಿನ ಗಾಯ, ಕೆರೆಯ ನೀರು ಇವೆಲ್ಲ ಇಂತಹ ಸಾಕ್ಷಿಗಳು.

ನೀಲಿ ದಾಸವಾಳದ ಕಥೆ ಏನಾಯಿತು?

ಆ ಹುಡುಗಿಯನ್ನು ಶಾಲೆಯ ಕಂಪ್ಯೂಟರಿನ ಮುಂದೆ ಕೂರಿಸಿದೆ. "ಯಾರಾದರೂ ಚಕ್ರವನ್ನು ಹಿಂದಕ್ಕೆ 120 ತಿರುಗಿಸಿ ಕೆಂಪನ್ನು ನೀಲಿ ಮಾಡಿದ್ದರೆ, ನಾವೇನು ಮಾಡಬೇಕು?" ಎಂದು ಕೇಳಿದೆ. ಅವಳು ಒಂದು ಕ್ಷಣ ಯೋಚಿಸಿ "ಮುಂದಕ್ಕೆ 120 ತಿರುಗಿಸಬೇಕು" ಎಂದಳು. ಹೂವಿನ ಸುತ್ತ ಗೆರೆ ಹಾಕಿ 'ಹ್ಯೂ'ವನ್ನು +120ಕ್ಕೆ ಎಳೆದಳು.

ದಳಗಳು ಕೆಂಪಾದವು. ಅದರ ಜೊತೆಗೇ ನೇರಳೆ ಪರಾಗ ಹಳದಿಯಾಯಿತು!

ಲೆಕ್ಕ ಹಾಕಿ ನೋಡಿ. ಪರಾಗದ ಹಳದಿ (230, 200, 40) ಎಂದಿರಲಿ. ನಮ್ಮ ಕುರ್ಚಿ ಆಟ ಆಡಿದರೆ (200, 40, 230), ಅಂದರೆ ನೇರಳೆ. ಬಣ್ಣ ಬದಲಿಸಿದವರು ಇಡೀ ಹೂವಿಗೆ ಗೆರೆ ಹಾಕಿದ್ದರು, ನಡುವಿನ ಪರಾಗವನ್ನು ಬಿಡಲು ಮರೆತಿದ್ದರು. ಒಂದೇ ತಿರುಗಾಟಕ್ಕೆ ದಳ, ಪರಾಗ ಎರಡೂ ನಮಗೆ ಗೊತ್ತಿರುವ ಬಣ್ಣಕ್ಕೆ ಮರಳಿದ್ದು ಬಲವಾದ ಸುಳಿವು. ಹುಡುಗಿ ಕಿಟಕಿಯಿಂದ ಹೊರಗೆ, ಬೇಲಿಯ ದಾಸವಾಳವನ್ನು ನೋಡಿದಳು. ಮತ್ತೆ ಪರದೆಯನ್ನು ನೋಡಿದಳು. "ಅಮ್ಮನಿಗೆ ಹೇಳ್ತೀನಿ ಸರ್, ದುಡ್ಡು ಕಳಿಸಬೇಡ ಅಂತ" ಎಂದಳು.

ಹಾಗೆಂದು ಎಲ್ಲ ಮೋಸವನ್ನೂ ಹೀಗೆ ಹಿಡಿಯಲು ಆಗುವುದಿಲ್ಲ. ಜಾಣರಾದವರು ಪರಾಗವನ್ನು ಬಿಟ್ಟೇ ಗೆರೆ ಹಾಕುತ್ತಾರೆ. ಈಗಂತೂ ಇಲ್ಲದ ಹೂವಿನ ಚಿತ್ರವನ್ನೇ ಕಂಪ್ಯೂಟರ್ ಬರೆದುಕೊಡುತ್ತದೆ. ಆದ್ದರಿಂದ ಬಾಯಿಮಾತಿಗೆ ಹೇಗೆ ಸಾಕ್ಷಿ ಕೇಳುತ್ತೇವೆಯೋ ಹಾಗೆಯೇ ಚಿತ್ರಕ್ಕೂ ಸಾಕ್ಷಿ ಕೇಳಬೇಕು. ಯಾರು ತೆಗೆದರು? ಎಲ್ಲಿ ತೆಗೆದರು? ಬೇರೆ ಯಾರಾದರೂ ನೋಡಿದ್ದಾರೆಯೇ? ಕೇಳುವುದಕ್ಕೆ ಸಂಕೋಚ ಬೇಡ.

ಅಭ್ಯಾಸ

1. (0, 0, 0) ಎಂಬ ಪಿಕ್ಸೆಲ್‌ನ 'ಹ್ಯೂ' ಬದಲಿಸಿದರೆ ಏನಾಗುತ್ತದೆ? ಕಾರಣ ಕೊಡಿ.
2. ಹಸಿರು ಮೆಣಸಿನಕಾಯಿಯ ಸಂಖ್ಯೆ (30, 150, 30). ಕುರ್ಚಿ ಆಟವನ್ನು ಒಂದು ಸಲ ಆಡಿದರೆ ಬರುವ ಸಂಖ್ಯೆ ಯಾವುದು? ಬಣ್ಣ ಯಾವುದು?
3. ಹಳದಿ ಬಣ್ಣ 60 ಡಿಗ್ರಿಯಲ್ಲಿದೆ. ಅದನ್ನು ನೀಲಿ ಮಾಡಲು ಎಷ್ಟು ಡಿಗ್ರಿ ತಿರುಗಿಸಬೇಕು?
4. ಚೌಕುಳಿ ಹಾಳೆಯಲ್ಲಿ ಅಡ್ಡ 10, ಉದ್ದ 10 ಮನೆಗಳನ್ನು ತೆಗೆದುಕೊಂಡು ಒಂದು ಹೂವಿನ ಚಿತ್ರ ಮಾಡಿ. ಪ್ರತಿ ಮನೆಗೂ ಬಣ್ಣದ ಬದಲು ಒಂದು ಸಂಖ್ಯೆ ಬರೆಯಿರಿ. ಯಾವ ಸಂಖ್ಯೆಗೆ ಯಾವ ಬಣ್ಣ ಎಂಬ ಪಟ್ಟಿಯನ್ನು ಗೆಳೆಯರಿಗೆ ಕೊಟ್ಟು ಬಣ್ಣ ತುಂಬಿಸಲು ಹೇಳಿ. ಪಟ್ಟಿಯನ್ನು ಬದಲಿಸಿ ಇನ್ನೊಬ್ಬರಿಗೆ ಕೊಡಿ. ಎರಡೂ ಚಿತ್ರಗಳನ್ನು ಹೋಲಿಸಿ.
5. ಅರಿಶಿನದ ಕಾಗದವನ್ನು ಸೋಪಿನ ನೀರು, ಅಡುಗೆ ಸೋಡಾ ನೀರು, ನಿಂಬೆರಸಗಳಿಗೆ ಅದ್ದಿ, ಕಂಡದ್ದನ್ನು ಕಂಡಂತೆಯೇ ಬರೆಯಿರಿ.

ಉತ್ತರಗಳು: 1. ಬದಲಾಗದು, ಮೂರೂ ಸಂಖ್ಯೆ ಒಂದೇ. 2. (150, 30, 30), ಕೆಂಪು. 3. 180 ಡಿಗ್ರಿ.

ಶಿಕ್ಷಕರ ಗಮನಕ್ಕೆ: ನಾಲ್ಕು ಮತ್ತು ಐದನೇ ತರಗತಿಗೆ ನೀರ ಹನಿ, ಟಾರ್ಚ್ ಮತ್ತು ಕುರ್ಚಿ ಆಟ ಸಾಕು. ಡಿಗ್ರಿ ಹಾಗೂ ಋಣ ಸಂಖ್ಯೆಯ ಭಾಗವನ್ನು ಆರು ಮತ್ತು ಏಳನೇ ತರಗತಿಯ ಗಣಿತದೊಂದಿಗೆ ಸೇರಿಸಿ ಮಾಡಬಹುದು. ಮಕ್ಕಳ ಪ್ರಯೋಗದ ಫಲಿತಾಂಶ ಪುಸ್ತಕದಂತೆ ಬರದಿದ್ದಾಗ ದಯವಿಟ್ಟು "ತಪ್ಪು" ಎಂದು ಗೆರೆ ಹೊಡೆಯಬೇಡಿ. "ಏಕೆ ಹೀಗಾಯಿತು?" ಎಂದು ಮೊದಲು ಕೇಳಿ.